ಕಿವಿಯ ಗಂತಿಯೂ ಕಿರಣಚಿಕಿತ್ಸೆಯೂ

ಎರಡು ಕಿವಿಯೂ ಕೇಳದವನನ್ನು ಲೋಕವು ಕಿವುಡನೆಂದು ಕರೆದು, ಅವನಿಗೆ ಸಲ್ಲತಕ್ಕ ಕರುಣೆಯನ್ನೋ ಪರಿಹಾಸವನ್ನೋ ಸಲ್ಲಿಸಿಬಿಡುತ್ತದೆ. ಒಂದೇ ಕಿವಿ ಕೇಳದವನ ಪಾಡು ಬೇರೆ. ಕರೆದಾಗ ಅವನು ಒಮ್ಮೆ ತಿರುಗಿ ನೋಡುತ್ತಾನೆ, ಒಮ್ಮೆ ನೋಡದೆ ನಡೆದುಬಿಡುತ್ತಾನೆ. ಆದಕಾರಣ ಜನರು ಅವನನ್ನು ಗರ್ವಿಷ್ಠನೆಂದೋ ಮರೆಗುಳಿಯೆಂದೋ ಎಣಿಸುವುದುಂಟು. ಒಂದು ಕಣ್ಣಿಲ್ಲದವನಿಗೆ ಸಂಸ್ಕೃತದಲ್ಲಿ ‘ಕಾಣ’ ಎಂಬ ಶಬ್ದವಿದೆ; ಒಂದು ಕಿವಿಯಿಲ್ಲದವನಿಗೆ ಅಷ್ಟು ಬಳಕೆಯಲ್ಲಿರುವ ಶಬ್ದವೊಂದಿಲ್ಲ. ಹೆಸರಿಲ್ಲದ ಈ ಕೊರತೆಯನ್ನು ಎರಡು ವರ್ಷಗಳಿಂದ ಅನುಭವಿಸುತ್ತಿರುವವರಾದ ನಾವು, ಅದರ ಕಾರಣವನ್ನೂ ಅದಕ್ಕೆ ಮಾಡಿಸಿಕೊಂಡ ಕಿರಣಚಿಕಿತ್ಸೆಯನ್ನೂ ಅನಂತರದ ಚೇತರಿಕೆಯನ್ನೂ ಕುರಿತು ವಾಚಕರಿಗೆ ತಿಳಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಾವು ವಾಸಮಾಡುವ ಕೋರಮಂಡಲ್ ಕೋಲಾರದ ಚಿನ್ನದ ಗಣಿಗಳ ಸೀಮೆಗೆ ಸೇರಿದ್ದು. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲುದಾರಿಯಲ್ಲಿ ಇದೊಂದು ನಿಲ್ದಾಣ. ಈ ಸೀಮೆಯಲ್ಲಿ ಕಿವುಡುತನಕ್ಕೆ ಕಾರಣ ಕೇಳುವ ವಾಡಿಕೆಯೇ ಇಲ್ಲ. ೧೮೮೦ ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯವರು ಇಲ್ಲಿ ಕಾಲಿಟ್ಟಂದಿನಿಂದ ೨೦೦೧ನೆಯ ಫೆಬ್ರವರಿ ೨೮ ರಂದು ಗಣಿಗಳು ಮುಚ್ಚುವವರೆಗೆ, ನೂರಿಪ್ಪತ್ತು ವರ್ಷಕಾಲ, ನೆಲದಡಿಯಲ್ಲಿ ಬಂಡೆ ಕೊರೆಯುವ ಯಂತ್ರಗಳ ಆರ್ಭಟವೂ ಸಿಡಿಮದ್ದಿನ ಗರ್ಜನೆಯೂ ನಿಂತಿರಲಿಲ್ಲ. ಆ ಸದ್ದಿನಲ್ಲಿ ದುಡಿದು ಬಂದ ಹಿರಿಯರು ಇಂದಿಗೂ ನಮ್ಮ ಬೀದಿಯಲ್ಲಿ ಕೂಗಿಯೇ ಮಾತನಾಡುತ್ತಾರೆ. ಇಂಥ ಊರಿನಲ್ಲಿ ಒಬ್ಬನು ತನ್ನ ಕಿವಿ ಮಂದವಾಯಿತೆಂದರೆ, ‘ಗಣಿಯಲ್ಲಿದ್ದಿರೇನು?’ ಎಂದು ಒಬ್ಬರೂ ‘ವಯಸ್ಸಾಯಿತಲ್ಲ’ ಎಂದು ಮತ್ತೊಬ್ಬರೂ ಹೇಳಿ ಮುಗಿಸುತ್ತಾರೆ. ನಾವು ಗಣಿಗೆ ಇಳಿದವರಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿದವರು.

ಗೃಹಸ್ಥರು ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಯಂತ್ರದ ಸದ್ದಿನಿಂದಾಗಲಿ ವಯೋಧರ್ಮದಿಂದಾಗಲಿ ಬರುವ ಕಿವುಡು ಎರಡು ಕಿವಿಗಳಿಗೂ ಹೆಚ್ಚುಕಡಿಮೆ ಸಮನಾಗಿಯೇ ಬರುತ್ತದೆ. ಒಂದು ಕಿವಿ ಚೆನ್ನಾಗಿದ್ದು ಇನ್ನೊಂದೇ ದಿನೇ ದಿನೇ ಮಂದವಾಗುತ್ತಿದ್ದರೆ, ಅಥವಾ ಒಂದೇ ಕಿವಿಯಲ್ಲಿ ಬಿಡುವಿಲ್ಲದೆ ಮೊರೆತ ಕೇಳಿಸುತ್ತಿದ್ದರೆ, ಅದನ್ನು ಗಣಿಯ ಮೇಲೂ ವಯಸ್ಸಿನ ಮೇಲೂ ಹೊರಿಸಿ ಸುಮ್ಮನಿರಬಾರದು. ಅನೇಕರಲ್ಲಿ ಕಾರಣವು ಅಲ್ಪವಾದುದೇ ಆಗಿರುತ್ತದೆ. ಆದರೆ ಪರೀಕ್ಷೆಯಿಲ್ಲದೆ ಅದು ಅಲ್ಪವೆಂದು ಹೇಳಬಲ್ಲವರಾರು?

ನಮಗೆ ಕೊರತೆ ಮೊದಲು ತಿಳಿದುದು ದೂರವಾಣಿಯಲ್ಲಿ. ಬಲಗಿವಿಗೆ ಹಿಡಿದರೆ ಧ್ವನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಗೋಡೆಯಾಚೆ ಯಾರೋ ಮಾತನಾಡಿದಂತೆ ನಾದ ಮಾತ್ರವಿದ್ದು ವರ್ಣಗಳು ಕರಗಿಹೋಗಿರುತ್ತಿದ್ದವು. ಎಡಗಿವಿಗೆ ತಂದರೆ ಅದೇ ಮಾತು ಸ್ಫಟಿಕದಂತೆ. ಈ ವ್ಯಾಧಿಯ ವಿಶೇಷ ಲಕ್ಷಣವೇ ಇದೆಂದು ಆಮೇಲೆ ತಿಳಿಯಿತು: ಸದ್ದು ಕಡಮೆಯಾಗುವುದಕ್ಕಿಂತ ಮೊದಲೇ ಸ್ಪಷ್ಟತೆ ಹೋಗುತ್ತದೆ. ತರಗತಿಯಲ್ಲಿ ಬಲಗಡೆಯ ಬೆಂಚಿನ ಹುಡುಗನು ಶಬ್ದರೂಪಗಳನ್ನು ಒಪ್ಪಿಸುವಾಗ ಅವನು ಶಕಾರವನ್ನು ಹೇಳಿದನೋ ಸಕಾರವನ್ನೋ ಎಂಬುದು ನಮಗೆ ನಿಶ್ಚಯವಾಗದೆ ಹೋಯಿತು. ಉಚ್ಚಾರಣೆಯನ್ನು ತಿದ್ದುವುದೇ ಬಾಳಿನ ಕಸುಬಾದವನಿಗೆ ಇದು ಎಷ್ಟರಮಟ್ಟಿನ ಕಳವಳವೆಂಬುದನ್ನು ಉಪಾಧ್ಯಾಯರು ಬಲ್ಲರು. ರಾತ್ರಿ ಜೀರುಂಡೆಯಂತಹ ಒಂದು ನಾದವೂ ಕೂಡಿಕೊಂಡಿತು. ಸುಶ್ರುತನು ಎಣಿಸಿರುವ ಇಪ್ಪತ್ತೆಂಟು ಕರ್ಣರೋಗಗಳಲ್ಲಿ ಈ ನಾದವೂ ಒಂದು, ಬಾಧಿರ್ಯವೂ ಒಂದು, ಅರ್ಬುದವೂ ಒಂದು. ನಮ್ಮ ಪಾಲಿಗೆ ಈ ಮೂರೂ ಒಟ್ಟಿಗೆ ಬಂದಿದ್ದವೆಂಬುದು ಆಗ ಗೊತ್ತಿರಲಿಲ್ಲ.

ಒಬ್ಬ ವೈದ್ಯರು ಗುಗ್ಗೆ ತೆಗೆದು ಹನಿಮದ್ದು ಕೊಟ್ಟರು. ಎರಡನೆಯವರು ಶ್ರವಣಪರೀಕ್ಷೆ ಮಾಡಿಸಿ, ಎರಡು ಕಿವಿಗಳ ರೇಖೆಗಳು ಒಂದಕ್ಕೊಂದು ದೂರವಾಗಿರುವುದನ್ನು ಕಂಡು, ತಲೆಯ ಎಂ.ಆರ್.ಐ. ಚಿತ್ರ ತೆಗೆಸಬೇಕೆಂದರು. ಚಿತ್ರದಲ್ಲಿ ಬಲಗಿವಿಯ ಹಿಂಭಾಗದಲ್ಲಿ, ಮೆದುಳಿನ ಬುಡದ ಹತ್ತಿರ, ಹದಿನಾರು ಮಿಲಿಮೀಟರು ಉದ್ದದ ಬಿಳಿಯ ಚುಕ್ಕೆಯೊಂದು ಕಾಣಿಸಿತು. ನಮ್ಮ ಕಡೆಯವರಿಗೆ ತಿಳಿಯುವಂತೆ ಹೇಳುವುದಾದರೆ, ಒಂದು ಹುಣಿಸೆಬೀಜದ ಗಾತ್ರ.

ಇದಕ್ಕೆ ಹಳೆಯ ಹೆಸರು ಅಕೌಸ್ಟಿಕ್ ನ್ಯೂರೋಮ. ಈಗ ವೈದ್ಯರು ಬಳಸುವ ಹೆಸರು ವೆಸ್ಟಿಬ್ಯುಲರ್ ಶ್ವಾನೋಮ. ಕಾಗದದಲ್ಲಿ ಈ ಎರಡನೆಯ ಹೆಸರನ್ನು ಓದಿದ ನಮ್ಮ ಮನೆಯವರು, ‘ನಾಯಿ ಕಚ್ಚಿದ್ದಕ್ಕೂ ಇದಕ್ಕೂ ಸಂಬಂಧವೇನು?’ ಎಂದು ಗಾಬರಿಯಿಂದ ಕೇಳಿದರು. ಸಂಸ್ಕೃತ ಮೇಷ್ಟ್ರ ಮನೆಯಲ್ಲಿ ಬಾಳಿದ ಫಲವಿದು! ಶ್ವಾನಕ್ಕೂ ಇದಕ್ಕೂ ಸಂಬಂಧವಿಲ್ಲ. ನರತಂತುಗಳಿಗೆ ಹೊದಿಕೆಯಾಗಿರುವ ಜೀವಕೋಶಗಳನ್ನು ವರ್ಣಿಸಿದ ಜರ್ಮನ್ ಪಂಡಿತ ಥಿಯೊಡೋರ್ ಶ್ವಾನ್ (೧೮೧೦–೧೮೮೨) ಎಂಬಾತನ ಹೆಸರು ಆ ಕೋಶಗಳಿಗೆ ನಿಂತಿತು. ಅವು ಮಿತಿಮೀರಿ ಬೆಳೆದುದೇ ಶ್ವಾನೋಮ. ಒಳಗಿವಿಯಿಂದ ಮೆದುಳಿಗೆ ಹೋಗುವ ಎಂಟನೆಯ ಕಪಾಲನರಕ್ಕೆ ಎರಡು ಕವಲುಗಳಿವೆ. ಒಂದು ಶ್ರವಣಕ್ಕೆ, ಇನ್ನೊಂದು ದೇಹದ ಸಮತೋಲಕ್ಕೆ. ಗಂತಿ ಹುಟ್ಟುವುದು ಸಮತೋಲದ ಕವಲಿನ ಹೊದಿಕೆಯಲ್ಲಿ. ಪೆಟ್ಟು ತಿನ್ನುವುದು ಹೆಚ್ಚಾಗಿ ಪಕ್ಕದ ಶ್ರವಣದ ಕವಲು. ಮೋರೆಯನ್ನು ಆಡಿಸುವ ಏಳನೆಯ ನರವೂ ಅದೇ ಇಕ್ಕಟ್ಟಾದ ಎಲುಬಿನ ಕೊಳವೆಯಲ್ಲಿ ಹಾಯ್ದು ಹೋಗುವುದರಿಂದ, ಇಲ್ಲಿ ಕೈಯಿಡುವ ವೈದ್ಯನಿಗೆ ಅದರ ಭಯವೂ ತಪ್ಪಿದ್ದಲ್ಲ.

ಇದು ಕ್ಯಾನ್ಸರಲ್ಲ; ದೇಹದ ಬೇರೆ ಭಾಗಗಳಿಗೆ ಹರಡುವುದಿಲ್ಲ. ಬೆಳೆದರೆ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರು. ಕೆಲವು ಗಂತಿಗಳು ವರ್ಷಗಟ್ಟಲೆ ಬೆಳೆಯದೆಯೂ ಇರುತ್ತವೆ. ಆದರೆ ಸಾಧುವೆಂದು ಬಿಟ್ಟುಬಿಡುವಂತಿಲ್ಲ. ಏಕೆಂದರೆ ಅದು ಕುಳಿತಿರುವ ಜಾಗ ಬಲು ಚಿಕ್ಕದು. ದೊಡ್ಡದಾದರೆ ಮೆದುಳಿನ ಕಾಂಡವನ್ನೇ ಒತ್ತುತ್ತದೆ. ಲಕ್ಷಕ್ಕೆ ಒಬ್ಬರಂತೆ ಪ್ರತಿವರ್ಷ ಇದು ಪತ್ತೆಯಾಗುತ್ತದೆಂದು ವೈದ್ಯರ ಸ್ಥೂಲವಾದ ಲೆಕ್ಕ. ಮದುವೆಗೆ ಬಂದ ಮಕ್ಕಳಿರುವ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆಯೊಂದುಂಟು. ಅದನ್ನು ನಮ್ಮ ಬಂಧುಗಳೂ ಬಾಯಿಬಿಟ್ಟು ಕೇಳಿದರು: ‘ಇದು ವಂಶದಲ್ಲಿ ಬರುತ್ತದೆಯೆ?’ ಎರಡು ಕಿವಿಗಳಲ್ಲಿಯೂ ಗಂತಿ ಬರುವ ಒಂದು ಅಪರೂಪದ ಬಗೆ ಮಾತ್ರ ವಂಶಾನುಗತವಾಗಬಲ್ಲುದು. ಒಂದೇ ಕಿವಿಯಲ್ಲಿ ನಡುವಯಸ್ಸು ದಾಟಿದ ಮೇಲೆ ಬರುವುದು ಸಾಧಾರಣವಾಗಿ ಹಾಗಲ್ಲ. ಜಾತಕ ನೋಡುವವರು ಇದನ್ನು ಜಾತಕಕ್ಕೆ ಸೇರಿಸಬೇಕಾಗಿಲ್ಲ.

ಈ ಗಂತಿಯ ಚಿಕಿತ್ಸೆಯ ಇತಿಹಾಸವು ಭಯವನ್ನೂ ಬೆರಗನ್ನೂ ಒಟ್ಟಿಗೆ ಹುಟ್ಟಿಸುವಂಥದು. ೧೭೭೭ ರಲ್ಲಿ ಹಾಲೆಂಡಿನ ಲೈಡನ್ ಪಟ್ಟಣದ ಸಾಂಡಿಫೋರ್ಟ್ ಎಂಬ ವೈದ್ಯನು ಮೃತದೇಹವೊಂದನ್ನು ಕೊಯ್ದು ನೋಡಿದಾಗ ಇದನ್ನು ಮೊದಲು ಕಂಡು ಬರೆದಿಟ್ಟನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದಕ್ಕಾಗಿ ಶಸ್ತ್ರಕ್ರಿಯೆಗೆ ಒಳಗಾದ ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಬದುಕುತ್ತಿರಲಿಲ್ಲ. ಅಮೆರಿಕದ ಹಾರ್ವೆ ಕುಷಿಂಗ್ ೧೯೧೭ ರಲ್ಲಿ ಇದರ ಮೇಲೊಂದು ಗ್ರಂಥವನ್ನೇ ಪ್ರಕಟಿಸಿದನು. ಗಂತಿಯ ಹೊರಚಿಪ್ಪನ್ನು ಬಿಟ್ಟು ಒಳತಿರುಳನ್ನು ಮಾತ್ರ ತೆಗೆಯುವ ಅವನ ವಿವೇಕದಿಂದ ಸಾವುಗಳು ಬಹಳವಾಗಿ ಇಳಿದವು. ೧೯೬೦ರ ದಶಕದಲ್ಲಿ ವಿಲಿಯಂ ಹೌಸ್ ಎಂಬಾತನು ಸೂಕ್ಷ್ಮದರ್ಶಕವನ್ನಿಟ್ಟುಕೊಂಡು ಕಿವಿಯ ಎಲುಬಿನ ಮೂಲಕವೇ ದಾರಿಮಾಡಿದನು. ಕತ್ತಿಯನ್ನೇ ಬಿಟ್ಟುಬಿಡುವ ಯೋಚನೆ ಸ್ವೀಡನ್ ದೇಶದ ಲಾರ್ಸ್ ಲೆಕ್ಸೆಲ್‌ನದು. ಅನೇಕ ಕಡೆಗಳಿಂದ ಸಣ್ಣ ಸಣ್ಣ ಕಿರಣಗಳನ್ನು ಬಿಟ್ಟು, ಅವೆಲ್ಲ ಗಂತಿಯಲ್ಲಿ ಮಾತ್ರ ಕೂಡುವಂತೆ ಮಾಡಿದರೆ, ದಾರಿಯಲ್ಲಿರುವ ಮೆದುಳಿಗೆ ಅಲ್ಪವೂ ಕೂಡುವಲ್ಲಿ ಪ್ರಬಲವೂ ಆದ ಪರಿಣಾಮವಾಗುವುದೆಂದು ಅವನು ೧೯೫೧ ರಲ್ಲಿ ಪ್ರತಿಪಾದಿಸಿದನು. ಭೂತಗನ್ನಡಿಯಿಂದ ಹತ್ತಿ ಹೊತ್ತಿಸುವುದನ್ನು ಶಾಲೆಯ ಹುಡುಗರೆಲ್ಲರೂ ಬಲ್ಲರಷ್ಟೆ, ತತ್ತ್ವ ಅದೇ. ಈ ಯಂತ್ರಕ್ಕೆ ಗಾಮಾ ನೈಫ್ ಎಂದು ಹೆಸರು. ಹೆಸರಿನಲ್ಲಿ ಕತ್ತಿಯಿದ್ದರೂ ಕತ್ತಿಯೆಂಬುದು ಇದರಲ್ಲಿಲ್ಲ. ೧೯೬೯ ರಲ್ಲಿ ಸ್ಟಾಕ್‌ಹೋಮಿನಲ್ಲಿ ಈ ಬಗೆಯ ಗಂತಿಗೆ ಮೊದಲು ಇದನ್ನು ಪ್ರಯೋಗಿಸಿದರು. ಆ ಕಾಲದಲ್ಲಿ ಕಿರಣದ ಪ್ರಮಾಣ ಹೆಚ್ಚಾಗಿದ್ದುದರಿಂದ ಕೆಲವರಿಗೆ ಮೋರೆ ಸೊಟ್ಟಗಾಗುತ್ತಿತ್ತು. ಮುಂದೆ ಪ್ರಮಾಣವನ್ನು ಹನ್ನೆರಡು ಹದಿಮೂರು ಗ್ರೇ ಎಂಬ ಅಳತೆಗೆ ಇಳಿಸಿದ ಮೇಲೆ ಆ ಅಪಾಯವು ವಿರಳವಾಗಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಯಂತ್ರವಿದೆ.

ನಮ್ಮ ಮುಂದೆ ಮೂರು ದಾರಿಗಳಿದ್ದವು. ಸುಮ್ಮನಿದ್ದು ಆರಾರು ತಿಂಗಳಿಗೊಮ್ಮೆ ಚಿತ್ರ ತೆಗೆಸುತ್ತಿರುವುದು ಒಂದು, ತಲೆಯನ್ನು ತೆರೆದು ಗಂತಿಯನ್ನು ತೆಗೆಸುವುದು ಎರಡು, ಕಿರಣ ಮೂರನೆಯದು. ಮೊದಲನೆಯದನ್ನು ಎಂಟು ತಿಂಗಳು ಅನುಸರಿಸಿದೆವು. ಎರಡನೆಯ ಚಿತ್ರದಲ್ಲಿ ಅದು ಎರಡು ಮಿಲಿಮೀಟರು ಬೆಳೆದಿದ್ದುದರಿಂದ ಇನ್ನು ಕಾಯುವುದು ಬೇಡವೆಂದಾಯಿತು. ಮೂರು ಸೆಂಟಿಮೀಟರಿಗಿಂತ ದೊಡ್ಡದಾಗಿ ಮೆದುಳನ್ನು ಒತ್ತುತ್ತಿದ್ದರೆ ಶಸ್ತ್ರಕ್ರಿಯೆಯೇ ಸರಿಯೆಂದೂ, ಈ ಗಾತ್ರಕ್ಕೆ ಕಿರಣ ಸಾಕೆಂದೂ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಗಂತಿಯ ಬೆಳವಣಿಗೆ ನಿಲ್ಲುವುದೆಂದೂ ವೈದ್ಯರು ವಿವರಿಸಿದರು. ಆಗ ನಮ್ಮ ಮನೆಯವರು ಎರಡು ಪ್ರಶ್ನೆಗಳನ್ನು ಕೇಳಿದರು.

‘ಗೆಡ್ಡೆ ಹೋಗಿಬಿಡತ್ತಾ ಡಾಕ್ಟ್ರೇ?’

‘ಇಲ್ಲಮ್ಮ, ಅಲ್ಲೇ ಇರುತ್ತದೆ.’

‘ಇವರ ಕಿವಿ ಮೊದಲಿನ ಹಾಗೆ ಆಗತ್ತಾ?’

‘ಅದೂ ಇಲ್ಲ. ಇರುವಷ್ಟು ಉಳಿಯಬಹುದು, ಉಳಿಯದೆಯೂ ಇರಬಹುದು.’

‘ಹಾಗಾದ್ರೆ ಇಷ್ಟೆಲ್ಲ ಏತಕ್ಕೆ?’

ಈ ಮೂರನೆಯ ಪ್ರಶ್ನೆಯನ್ನು ಅವರು ಕೇಳಿದುದು ನಮ್ಮನ್ನು. ಉತ್ತರ ಹೇಳುವುದು ಸುಲಭವಾಗಿರಲಿಲ್ಲ. ಚಿಕಿತ್ಸೆಯೆಂದರೆ ಕೆಟ್ಟುದನ್ನು ಸರಿಮಾಡುವುದೆಂದು ನಾವೆಲ್ಲರೂ ತಿಳಿದಿರುತ್ತೇವೆ. ಮುಂದೆ ಕೆಡಬಹುದಾದುದನ್ನು ತಡೆಯುವುದಕ್ಕಾಗಿ, ಇರುವ ಕೊರತೆಯನ್ನು ಹಾಗೆಯೇ ಒಪ್ಪಿಕೊಂಡು, ಹಣವನ್ನೂ ಧೈರ್ಯವನ್ನೂ ವೆಚ್ಚಮಾಡಬೇಕೆಂಬುದು ಮನೆಯವರಿಗೆ ರುಚಿಸತಕ್ಕ ಮಾತಲ್ಲ. ಬೆಳೆದ ಹುತ್ತವನ್ನು ಅಗೆಯದೆ, ಗೆದ್ದಲು ಮುಂದೆ ಹಬ್ಬದಂತೆ ಮಾಡುವ ಉಪಾಯವಿದು ಎಂದು ಹೇಳಿದೆವು. ಅವರು ಒಪ್ಪಿದರೋ ಇಲ್ಲವೋ, ಬಟ್ಟೆಬರೆ ಕಟ್ಟಿದರು.

ಚಿಕಿತ್ಸೆಯ ದಿನದ ಬಗ್ಗೆ ಹೆಚ್ಚು ಬರೆಯಬೇಕಾದುದಿಲ್ಲ. ಚಿಕಿತ್ಸೆ ಬೆಂಗಳೂರಿನಲ್ಲಿಯೇ ಆಯಿತು. ಬೆಳಿಗ್ಗೆ ಹಣೆಯ ಮೇಲೆ ಎರಡು ಕಡೆ, ಹಿಂದಲೆಯಲ್ಲಿ ಎರಡು ಕಡೆ ಮರವೆಯ ಚುಚ್ಚುಮದ್ದು ಕೊಟ್ಟು, ತಲೆಗೆ ಲೋಹದ ಚೌಕಟ್ಟೊಂದನ್ನು ತಿರುಪುಗಳಿಂದ ಬಿಗಿದರು. ನೋವಿದ್ದುದು ಆ ಚುಚ್ಚುವಿಕೆಯಲ್ಲಿ ಮಾತ್ರ. ಚೌಕಟ್ಟಿನೊಡನೆಯೇ ಚಿತ್ರ ತೆಗೆದು, ಶಸ್ತ್ರವೈದ್ಯರೂ ಕಿರಣವೈದ್ಯರೂ ಭೌತವಿಜ್ಞಾನಿಗಳೂ ಕೂಡಿ ಲೆಕ್ಕಹಾಕುತ್ತ ಕುಳಿತರು. ನಾವು ಕಿರೀಟಧಾರಿಯಂತೆ ಹೊರಗೆ ಕುಳಿತಿದ್ದೆವು. ಯಂತ್ರದ ಹಳೆಯ ಮಾದರಿಯಲ್ಲಿ ೨೦೧, ಹೊಸದರಲ್ಲಿ ೧೯೨ ಕೋಬಾಲ್ಟ್ ತುಣುಕುಗಳಿದ್ದು, ಅಷ್ಟು ಕಡೆಗಳಿಂದಲೂ ಕಿರಣಗಳು ಒಂದು ಬಿಂದುವಿಗೆ ಬರುತ್ತವೆ. ಒಳಗೆ ಮಲಗಿದ್ದಾಗ ಕಾಣಲೂ ಇಲ್ಲ, ಕೇಳಲೂ ಇಲ್ಲ, ಬಿಸಿಯೂ ಆಗಲಿಲ್ಲ. ಹಾಸಿಗೆ ಒಮ್ಮೊಮ್ಮೆ ಅಲುಗಿದುದಷ್ಟೆ. ಒಂದು ಗಂಟೆಯ ಮೇಲೆ ಎಬ್ಬಿಸಿ ಚೌಕಟ್ಟನ್ನು ಬಿಚ್ಚಿದರು. ಮರುದಿನ ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಮನೆಗೆ ಬಂದೆವು.

ಚೇತರಿಕೆ ಎಂಬುದು ನಿಜವಾಗಿ ಮೊದಲಾಗುವುದು ಇಲ್ಲಿಂದ. ಅದು ಏಕೆ ಇಷ್ಟು ದೀರ್ಘವೆಂಬುದನ್ನು ಯಾರೂ ಮುಂಚಿತವಾಗಿ ಮನೆಯವರಿಗೆ ತಿಳಿಯಹೇಳುವುದಿಲ್ಲ. ಮೊದಲ ವಾರ ಹಣೆ ಊದಿ, ಊತವು ಕಣ್ಣಿನವರೆಗೆ ಇಳಿದಿತ್ತು. ತಿರುಪಿನ ಗಾಯಗಳು ಎಂಟು ದಿನದಲ್ಲಿ ಒಣಗಿದವು. ಹಿಂದಲೆಯಲ್ಲಿ ಒಂದು ಕಡೆ ಅಂಗೈಯಗಲದ ಚರ್ಮಕ್ಕೆ ಸ್ಪರ್ಶವೇ ಇಲ್ಲದೆ, ಎಣ್ಣೆ ಹಚ್ಚುವಾಗ ಬೇರೆಯವರ ತಲೆಗೆ ಹಚ್ಚಿದಂತಾಗುತ್ತಿತ್ತು. ಮೂರು ತಿಂಗಳಿಗೆ ಅದು ಸರಿಹೋಯಿತು. ಕೂದಲು ಉದುರಲಿಲ್ಲ.

ಬೀದಿಯವರಿಗೆ ಮಾತ್ರ ಬೇರೊಂದು ಶಂಕೆಯಿತ್ತು. ಕಿರಣ ಹಾಯಿಸಿಕೊಂಡು ಬಂದ ಮೇಷ್ಟ್ರ ಹತ್ತಿರ ಮಕ್ಕಳನ್ನು ಕಳುಹಿಸಬಹುದೆ? ಕೆಲವರು ಹದಿನೈದು ದಿನ ಕಳುಹಿಸಲೂ ಇಲ್ಲ. ದೀಪವನ್ನು ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುವುದಿಲ್ಲವಷ್ಟೆ. ಹಾಗೆಯೇ ಹೊರಗಿನಿಂದ ಬಿಟ್ಟ ಗಾಮಾ ಕಿರಣವು ಯಂತ್ರ ಮುಚ್ಚಿದೊಡನೆ ಮುಗಿಯಿತು, ರೋಗಿಯ ಮೈಯಲ್ಲಿ ಏನೂ ಉಳಿಯುವುದಿಲ್ಲ. ಕಿರಣಗಳ ವಿಷಯದಲ್ಲಿ ನಮ್ಮ ಊರಿನವರು ಇಷ್ಟು ಅಂಜಬೇಕಾದುದಿಲ್ಲ; ಏಕೆಂದರೆ ಜಗತ್ತಿನ ವಿಜ್ಞಾನಿಗಳಿಗೆ ಕಿರಣಗಳ ಪಾಠ ಹೇಳಿದ ಊರುಗಳಲ್ಲಿ ಇದೂ ಒಂದು. ಆಕಾಶದಿಂದ ವಿಶ್ವಕಿರಣಗಳು ಹಗಲೂ ರಾತ್ರಿಯೂ ನಮ್ಮೆಲ್ಲರ ಮೈಯನ್ನು ಹಾಯ್ದು ಹೋಗುತ್ತಲೇ ಇವೆ. ಅವುಗಳ ಗದ್ದಲದಿಂದ ತಪ್ಪಿಸಿಕೊಂಡು ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣವನ್ನು ಹಿಡಿಯುವುದಕ್ಕಾಗಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೂ ಜಪಾನಿನ ಒಸಾಕಾದವರೂ ಇಂಗ್ಲೆಂಡಿನ ಡರಮ್ಮಿನವರೂ ಚಾಂಪಿಯನ್ ರೀಫ್ ಗಣಿಯೊಳಗೆ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ತಮ್ಮ ಉಪಕರಣಗಳನ್ನಿಟ್ಟು ೧೯೬೫ ರಲ್ಲಿ ಕೃತಕೃತ್ಯರಾದರು. ನಮ್ಮ ಬೀದಿಯ ಹಿರಿಯರಿಗೆ ಈ ಸಂಗತಿ ಗೊತ್ತು; ಅವರು ಮೊಮ್ಮಕ್ಕಳನ್ನು ಮರಳಿ ಕಳುಹಿಸಿದುದು ವೈದ್ಯರ ಮಾತಿನಿಂದಲ್ಲ, ಗಣಿಯ ಈ ಕಥೆಯಿಂದ.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಎಲ್ಲವೂ ಮುಗಿಯಿತೆಂದು ಬಂಧುಗಳು ಹಬ್ಬದೂಟಕ್ಕೆ ಬಂದು ಹೋದರು. ಐದನೆಯ ತಿಂಗಳಲ್ಲಿ ನೆಲವು ದೋಣಿಯಂತೆ ತೂಗತೊಡಗಿತು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೋಡೆ ಹಿಡಿಯಬೇಕು. ಬಲಗಣ್ಣಿನ ಕೆಳಗೆ ಕೆನ್ನೆ ತಾನಾಗಿ ಅದುರುವುದು. ಕಿವಿಯಲ್ಲಿ ಉಳಿದಿದ್ದ ಶ್ರವಣವೂ ಒಂದೆರಡು ವಾರಗಳಲ್ಲಿ ಕುಸಿಯಿತು. ಆರನೆಯ ತಿಂಗಳ ಚಿತ್ರದಲ್ಲಿ ಗಂತಿಯ ಅಳತೆ ಇಪ್ಪತ್ತು ಮಿಲಿಮೀಟರೆಂದು ಬಂದಿತು. ಚಿಕಿತ್ಸೆಯಾದ ಗಂತಿ ಚಿಕ್ಕದಾಗುವುದರ ಬದಲು ದೊಡ್ಡದಾಗಿದೆಯೆಂಬ ಆ ಕಾಗದವನ್ನು ಮನೆಯಲ್ಲಿ ಓದಿದಾಗ ಯಾರೂ ಮಾತನಾಡಲಿಲ್ಲ. ಅಂದು ರಾತ್ರಿ ಒಲೆಯನ್ನೂ ಹಚ್ಚಲಿಲ್ಲ.

ಈ ಸಂಗತಿಯನ್ನು ಮುಂದೆ ಇಂಥ ಚಿಕಿತ್ಸೆಗೆ ಹೋಗುವವರು ಅವಶ್ಯವಾಗಿ ತಿಳಿದಿರಬೇಕು. ಕಿರಣ ತಾಗಿದ ಗಂತಿಯು ಆರರಿಂದ ಹದಿನೆಂಟು ತಿಂಗಳೊಳಗಾಗಿ ಊದಿಕೊಳ್ಳುವುದು ಅನೇಕರಲ್ಲಿ ಕಂಡುಬರುತ್ತದೆ. ಒಳಗಿನ ಕೋಶಗಳು ಸಾಯುತ್ತಿರುವುದರ ಗುರುತು ಅದು. ಚಿತ್ರದಲ್ಲಿ ಗಂತಿಯ ನಡುಭಾಗ ಕಪ್ಪಾಗಿರುತ್ತದೆ. ಗಾಯವು ಮಾಯುವ ಮೊದಲು ಊದುವುದಿಲ್ಲವೆ? ಈ ಹೊತ್ತಿನಲ್ಲಿ ಹೆದರಿ ಶಸ್ತ್ರಕ್ರಿಯೆಗೆ ಓಡುವುದು ತಕ್ಕುದಲ್ಲವೆಂದು ನಮ್ಮ ವೈದ್ಯರು ಹೇಳಿ, ಕೆಲವು ದಿನ ಸ್ಟೀರಾಯ್ಡ್ ಮಾತ್ರೆಗಳನ್ನು ಕೊಟ್ಟರು. ಮಾತ್ರೆಯಿಂದ ತೂಗಾಟ ಇಳಿಯಿತು. ಆದರೆ ರಕ್ತದಲ್ಲಿ ಸಕ್ಕರೆ ಏರಿತು, ನಿದ್ರೆ ಹಾರಿತು. ಮಧುಮೇಹವಿರುವವರು ಇದನ್ನು ವೈದ್ಯರಿಗೆ ಮೊದಲೇ ಹೇಳಿರತಕ್ಕದ್ದು. ಊತವು ಅಪರೂಪವಾಗಿ ಮೆದುಳಿನ ನೀರಿನ ಹರಿವನ್ನು ತಡೆಯುವುದೂ ಉಂಟಾದ್ದರಿಂದ, ತಲೆನೋವು ವಾಂತಿಗಳು ಹೆಚ್ಚಿದರೆ ತಡಮಾಡದೆ ಹೋಗಬೇಕು. ಹೀಗೆ ಕಾಯುವುದು ಬಹಳ ಕಷ್ಟ. ಪರೀಕ್ಷೆ ಬರೆದ ಹುಡುಗನಿಗೆ ಫಲಿತಾಂಶದ ದಿನವಾದರೂ ಗೊತ್ತಿರುತ್ತದೆ.

ಸಮತೋಲವನ್ನು ಮರಳಿ ಪಡೆಯುವ ಬಗೆಯಲ್ಲಿ ಮಾತ್ರ ನಾವೇ ಮಾಡಬಹುದಾದುದು ಬೇಕಾದಷ್ಟಿತ್ತು. ದೇಹವು ನೆಟ್ಟಗೆ ನಿಲ್ಲುವುದು ಮೂರರ ಸಹಾಯದಿಂದ: ಒಳಗಿವಿ, ಕಣ್ಣು, ಅಂಗಾಲು ಕೀಲುಗಳ ಅರಿವು. ಒಂದು ಕುಂದಿದರೆ ಉಳಿದ ಎರಡು ಅದರ ಭಾರವನ್ನು ಹೊರುವಂತೆ ಮೆದುಳಿಗೆ ಅಭ್ಯಾಸ ಮಾಡಿಸಬೇಕು. ಸುಮ್ಮನೆ ಮಲಗಿದರೆ ಅದು ಕಲಿಯುವುದಿಲ್ಲ. ಗೋಡೆಗೆ ದೊಡ್ಡಕ್ಷರದ ಪದವೊಂದನ್ನು ಅಂಟಿಸಿ, ದೃಷ್ಟಿಯನ್ನು ಅದರಲ್ಲಿ ನೆಟ್ಟು, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು. ಮಡಿಸಿದ ಕಂಬಳಿಯ ಮೇಲೆ ಕಾಲು ಜೋಡಿಸಿ ನಿಲ್ಲುವುದು. ನಡೆಯುತ್ತ ನಡೆಯುತ್ತ ತಲೆಯನ್ನು ಆಚೀಚೆ ತಿರುಗಿಸುವುದು. ಇವುಗಳನ್ನು ಕಲಿಸುವವರು ಆಸ್ಪತ್ರೆಗಳಲ್ಲಿದ್ದಾರೆ. ಆರಂಭದಲ್ಲಿ ಹೊಟ್ಟೆ ತೊಳಸುತ್ತದೆ, ಬಿಡಬಾರದು. ಆತ್ಮಪ್ರದಕ್ಷಿಣೆಯನ್ನು ಮನೆಯವರು ನಿಷೇಧಿಸಿದರು, ಒಮ್ಮೆ ಸುತ್ತಿ ದೇವರ ಮುಂದೆಯೇ ಬೀಳುವುದರಲ್ಲಿದ್ದೆವಾದ್ದರಿಂದ. ಸ್ನಾನದ ಮನೆಯಲ್ಲಿ ಮೋರೆಗೆ ಸೋಪು ಹಚ್ಚಿ ಕಣ್ಣು ಮುಚ್ಚಿದೊಡನೆ ಮೈ ವಾಲುತ್ತಿತ್ತು; ಅಲ್ಲೊಂದು ಮಣೆ ಹಾಕಿದೆವು. ಕರೆಂಟು ಹೋದ ರಾತ್ರಿ ಹಿತ್ತಲಿಗೆ ಹೋಗದಿರುವುದೇ ಲೇಸು.

ಸಾಯಂಕಾಲದ ನಡಿಗೆಗೆ ನಮಗೆ ಒಬ್ಬ ಸಂಗಾತಿ ದೊರೆತರು. ನೆರೆಮನೆಯವರು, ಗಣಿಯಲ್ಲಿ ಬಂಡೆ ಕೊರೆದವರು, ಎರಡು ಕಿವಿಯೂ ಮಂದ. ಅವರು ಕೂಗಿಯೇ ಮಾತನಾಡುವುದರಿಂದ ನಮಗೆ ಅನುಕೂಲವಾಯಿತು; ನಾವು ಮೇಷ್ಟ್ರ ಗಂಟಲಿನಲ್ಲಿ ಮಾತನಾಡುವುದರಿಂದ ಅವರಿಗೆ ಅನುಕೂಲವಾಯಿತು. ಸೈನೈಡ್ ದಿಬ್ಬಗಳ ಪಕ್ಕದ ಏರುತಗ್ಗಿನ ದಾರಿಯಲ್ಲಿ ಅವರು ನಮ್ಮ ಬಲಗಡೆಯಲ್ಲಿ ನಡೆಯುತ್ತಿದ್ದರು. ಮಬ್ಬು ಕವಿದು ನಾವು ತಡವರಿಸಿದಾಗ ಒಮ್ಮೆ ಹೇಳಿದರು: ‘ಒಳಗಡೆ ಲೈಟು ಆರೋದ್ರೆ ನಾವು ಕಾಲಲ್ಲಿ ನೋಡ್ತಾ ಇದ್ವಿ, ವಾದ್ಯಾರೇ. ಬೇಗ ಇಕ್ಕಬಾರ್ದು ಕಾಲು. ಕಾಲಿಗೆ ಟೈಮ್ ಕೊಡ್ಬೇಕು.’ ಅಂಗಾಲಿನ ಅರಿವಿನ ವಿಷಯವಾಗಿ ಆಸ್ಪತ್ರೆಯಲ್ಲಿ ಅರ್ಧ ಗಂಟೆ ಕೇಳಿದುದನ್ನು ಅವರು ಮೂರು ಮಾತಿನಲ್ಲಿ ಹೇಳಿಬಿಟ್ಟರು.

ಹದಿನಾಲ್ಕನೆಯ ತಿಂಗಳ ಚಿತ್ರದಲ್ಲಿ ಗಂತಿ ಹದಿನೇಳು ಮಿಲಿಮೀಟರಿಗೆ ಇಳಿದಿತ್ತು; ಈಚಿನ ಚಿತ್ರದಲ್ಲಿ ಹದಿನೈದು. ಕೆನ್ನೆಯ ಅದುರು ನಿಂತಿದೆ. ಬಲಗಿವಿಯ ಶ್ರವಣ ಮರಳಲಿಲ್ಲ. ಬಾಗಿಲು ಬಡಿದರೆ ಸದ್ದಾಯಿತೆಂದು ತಿಳಿಯುತ್ತದೆ. ಮಾತು ಒಂದೂ ಬಾರದು. ಜೀರುಂಡೆ ಹೋಗಿಲ್ಲ. ಅದು ನಿಶ್ಶಬ್ದದಲ್ಲಿ ಹೆಚ್ಚಾಗಿ ಕೂಗುವುದರಿಂದ ಮಲಗುವಾಗ ಫ್ಯಾನನ್ನೋ ಮೆಲ್ಲಗೆ ರೇಡಿಯೋವನ್ನೋ ಹಾಕಿಕೊಳ್ಳುತ್ತೇವೆ. ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಇಂಥ ಉಪಾಯ ನಮ್ಮ ಊರಿಗೆ ಬೇಕಾಗಿರುತ್ತಿರಲಿಲ್ಲ!

ಒಂದೇ ಕಿವಿಯಿಂದ ಬಾಳುವವನಿಗೆ ದೊಡ್ಡ ನಷ್ಟವು ಸದ್ದಿನದಲ್ಲ, ದಿಕ್ಕಿನದು. ಶಬ್ದವು ನೀರಿನ ಅಲೆಯಂತೆ ಸಾಗಿ ಬರುತ್ತದೆಯೋ ಕದಂಬದ ಮೊಗ್ಗು ಅರಳುವಂತೆ ಎಲ್ಲ ಕಡೆಗೂ ಹುಟ್ಟುತ್ತದೆಯೋ ಎಂದು ನಮ್ಮ ತಾರ್ಕಿಕರು ಹಿಂದೆಯೇ ವಿಚಾರಮಾಡಿದ್ದಾರೆ. ಹೇಗೆ ಬಂದರೂ ಎಡಗಡೆಯ ಸದ್ದು ಎಡಗಿವಿಯನ್ನು ಮೊದಲು ಮುಟ್ಟಿ, ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಮೆ ಹೊತ್ತಿನ ಮೇಲೆ ಬಲಗಿವಿಯನ್ನು ಮುಟ್ಟುತ್ತದೆ. ಆ ಅಂತರದಿಂದಲೂ, ತಲೆಯ ಮರೆಯಿಂದಾಗುವ ಏರುತಗ್ಗಿನಿಂದಲೂ ಮೆದುಳು ದಿಕ್ಕನ್ನು ಅಳೆಯುತ್ತದೆ. ಒಂದೇ ಕಿವಿಯಾದರೆ ಹೋಲಿಸುವುದಕ್ಕೆ ಎರಡನೆಯದಿಲ್ಲ. ಎಲ್ಲ ಸದ್ದೂ ಕೇಳುವ ಕಿವಿಯ ಕಡೆಯಿಂದಲೇ ಬಂದಂತೆ ತೋರುತ್ತದೆ. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ಬಲಗಡೆಯಿಂದ ಬಂದ ಮೋಟಾರ್‌ಸೈಕಲ್ಲಿಗೆ ನಾವು ಎಡಕ್ಕೆ ತಿರುಗಿ ನೋಡಿ ದಾರಿಬಿಟ್ಟ ಪ್ರಸಂಗಗಳಿವೆ. ಈಗ ರಸ್ತೆ ದಾಟುವಲ್ಲಿ ಕಿವಿಯನ್ನು ನಂಬದೆ ಕುತ್ತಿಗೆಯನ್ನೇ ನಂಬಿದ್ದೇವೆ. ಕೇಳದ ಕಿವಿಯ ಕಡೆ ಒಂದು ಪುಟ್ಟ ಧ್ವನಿಗ್ರಾಹಕವನ್ನಿಟ್ಟು, ಆ ಕಡೆಯ ಮಾತನ್ನು ಕೇಳುವ ಕಿವಿಗೆ ಸಾಗಿಸುವ ಉಪಕರಣವುಂಟು. ಒಂದು ತಿಂಗಳು ಇಟ್ಟು ನೋಡಿದೆವು. ಸಭೆಯಲ್ಲಿ ಉಪಯೋಗ, ಸಂತೆಯಲ್ಲಿ ಎರಡು ಪಾಲು ಗದ್ದಲ. ಇಂಥವನ್ನು ಪರೀಕ್ಷಿಸಿ ಹೇಳುವುದಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ೧೯೬೦ರ ದಶಕದಿಂದ ಇದೆ.

ಮನೆಯಲ್ಲಿ ಕೆಲವು ಹೊಸ ಕಟ್ಟಳೆಗಳು ತಾವಾಗಿ ಹುಟ್ಟಿಕೊಂಡವು. ನಾವು ‘ಎಲ್ಲಿದ್ದೀಯೆ?’ ಎಂದು ಕೂ­ಗಿದರೆ ಮನೆಯವರು ‘ಇಲ್ಲೇ’ ಎನ್ನುತ್ತಿದ್ದರು. ಲೋಕದಲ್ಲಿ ಇದಕ್ಕಿಂತ ನಿರುಪಯುಕ್ತವಾದ ಉತ್ತರ ಒಂಟಿಗಿವಿಯವನಿಗೆ ಇನ್ನೊಂದಿಲ್ಲ. ಅಡಿಗೆಮನೆಯಿಂದ ಹಿತ್ತಲಿಗೂ ಹಿತ್ತಲಿನಿಂದ ಮಹಡಿಗೂ ‘ಇಲ್ಲೇ’ಯನ್ನು ಹುಡುಕಿ ಅಲೆದು ಸಾಕಾದ ಮೇಲೆ, ಆ ಶಬ್ದವನ್ನು ನಮ್ಮ ಮನೆಯ ನಿಘಂಟಿನಿಂದ ತೆಗೆದುಹಾಕಿದೆವು. ಈಗ ‘ಅಡಿಗೆಮನೇಲಿ’, ‘ಬಾವಿಕಟ್ಟೆ ಹತ್ರ’ ಎಂದೇ ಉತ್ತರ ಬರತಕ್ಕದ್ದು. ಮದುವೆಮನೆಯ ಪಂಕ್ತಿಯಲ್ಲಿ ಬಲತುದಿಯ ಎಲೆ ನಮ್ಮದು, ಉಳಿದವರೆಲ್ಲ ಎಡಕ್ಕಾಗುತ್ತಾರೆ. ಬಡಿಸುವವರು ಬಲಗಡೆಯಿಂದ ಬಂದು ‘ಸಾರು?’ ಎಂದು ಕೇಳಿ, ಉತ್ತರವಿಲ್ಲವೆಂದು ಮುಂದೆ ಹೋದುದರಿಂದ ಎರಡು ಮದುವೆಗಳಲ್ಲಿ ಅನ್ನವನ್ನು ಮಜ್ಜಿಗೆಯೊಡನೆಯೇ ಮುಗಿಸಿದ್ದೇವೆ. ಗುಂಪಿನಲ್ಲಿ ಎಲ್ಲರೂ ಒಟ್ಟಿಗೆ ನಗುವಾಗ ನಗೆಯ ಕಾರಣ ತಿಳಿಯದೆ ನಗುವುದನ್ನು ನಾವು ಬಿಟ್ಟಿದ್ದೇವೆ, ‘ಏನೆಂದಿರಿ?’ ಎಂದು ಕೇಳುತ್ತೇವೆ. ಕೇಳಿದವರಿಗೆ ಬೇಸರವಾದರೆ ಆಗಲಿ. ಮನೆಯವರೂ ಒಂದನ್ನು ಕಲಿತಿದ್ದಾರೆ: ಮೊದಲು ಎದುರಿಗೆ ಬಂದು ಆಮೇಲೆ ಮಾತನಾಡುವುದು. ಮೂವತ್ತು ವರ್ಷಗಳಿಂದ ಒಬ್ಬರು ಅಡಿಗೆಮನೆಯಲ್ಲಿಯೂ ಒಬ್ಬರು ಜಗಲಿಯಲ್ಲಿಯೂ ನಿಂತು ಮಾತನಾಡಿದ ದಂಪತಿಗಳಿಗೆ ಇದು ಹೊಸ ಪದ್ಧತಿ.

ಮುಂದಿನ ಚಿತ್ರ ಮಾರ್ಗಶಿರದಲ್ಲಿ. ಅದರಲ್ಲಿಯೂ ಬೆಳವಣಿಗೆ ಕಾಣದಿದ್ದರೆ ಪರೀಕ್ಷೆಗಳ ನಡುವಣ ಅಂತರವನ್ನು ಹೆಚ್ಚಿಸುವರು, ಪೂರ್ತಿಯಾಗಿ ನಿಲ್ಲಿಸುವುದಿಲ್ಲ. ಶನಿವಾರದ ಸಾಯಂಕಾಲ ಏಳೆಂಟು ಮಕ್ಕಳು ಅಮರಕೋಶ ಕಲಿಯಲು ಬರುತ್ತಾರೆ. ನಾವು ಬಲಭುಜವನ್ನು ಗೋಡೆಗೆ ತಾಗಿಸಿ ಕುಳಿತುಕೊಳ್ಳುತ್ತೇವೆ. ಮಕ್ಕಳೆಲ್ಲ ಎಡಕ್ಕೆ ಸಾಲಾಗಿ. ಒಬ್ಬೊಬ್ಬರೇ ಹೇಳಬೇಕು, ಒಟ್ಟಿಗೆ ಕೂಗುವಂತಿಲ್ಲ. ಇದರಿಂದ ಪಾಠ ನಿಧಾನವಾಗಿದೆ, ಶಕಾರ ಸಕಾರಗಳು ಮಾತ್ರ ನಮಗೆ ಸ್ಪಷ್ಟವಾಗಿ ಕೇಳುತ್ತಿವೆ. ಕಳೆದ ಶನಿವಾರ ವಾರಿವರ್ಗ ಮುಗಿದು ಪ್ರಥಮಕಾಂಡ ಪೂರ್ತಿಯಾಯಿತು. ಈ ವಾರ ಭೂಮಿವರ್ಗವನ್ನು ಆರಂಭಿಸಬೇಕು.